ಬೇಡದ ವಿಂಡೋಸ್ ಅಪ್‌ಡೇಟ್: ತಡೆಯೋದು ಹೇಗೆ, ತೆಗೆಯೋದು ಹೇಗೆ, ಯಾವುದನ್ನು ಬಿಡಬಾರದು?

ರಾಮನಗರ: ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಕಂಪ್ಯೂಟರ್ ಆನ್ ಮಾಡಿದರೆ ಸುತ್ತುವ ಚುಕ್ಕಿಗಳು, ಕೆಳಗೆ ‘ಅಪ್‌ಡೇಟ್ ಆಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ’ ಅನ್ನೋ ಸೂಚನೆ. ಹೊರಗೆ ಪಹಣಿಗೆ, ಜಾತಿ–ಆದಾಯ ಪ್ರಮಾಣಪತ್ರದ ಅರ್ಜಿಗೆ, ಆಧಾರ್ ಪ್ರಿಂಟ್‌ಗೆ ಬಂದವರು ನಿಂತೇ ಇರ್ತಾರೆ. ಅರ್ಧ ಗಂಟೆ ಆದ ಮೇಲೆ ಸಿಸ್ಟಂ ತೆರೆದುಕೊಂಡರೆ ನಿನ್ನೆವರೆಗೂ ಓಡುತ್ತಿದ್ದ ಪ್ರಿಂಟರ್ ಇವತ್ತು ಓಡಲ್ಲ. ಚನ್ನಪಟ್ಟಣದ ಗೊಂಬೆ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಇರಲಿ, ಕನಕಪುರದ ಜೆರಾಕ್ಸ್ ಅಂಗಡಿ ಇರಲಿ, ಮಾಗಡಿ ಕಡೆಯ ಹಳ್ಳಿಯ ಗ್ರಾಮ ಒನ್ ಕೇಂದ್ರ ಇರಲಿ, ಈ ತಲೆನೋವು ಎಲ್ಲರಿಗೂ ಗೊತ್ತಿರುವುದೇ.

ಇದಕ್ಕೆ ಹಲವರು ಕಂಡುಕೊಂಡಿರುವ ದಾರಿ ಒಂದೇ: ಅಪ್‌ಡೇಟನ್ನು ಪೂರ್ತಿ ಬಂದ್ ಮಾಡಿಸೋದು. ಆದರೆ ಅದೇ ಕಂಪ್ಯೂಟರಿನಲ್ಲಿ ಗ್ರಾಹಕರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್, ನಿಮ್ಮದೇ ಜಿಎಸ್‌ಟಿ ಲಾಗಿನ್ ಎಲ್ಲಾ ಇರುತ್ತೆ. ಪೂರ್ತಿ ಬಂದ್ ಮಾಡಿದರೆ ಅಷ್ಟಕ್ಕೂ ಕಾವಲು ಇರಲ್ಲ. ಹಾಗಾದರೆ ಯಾವ ಅಪ್‌ಡೇಟನ್ನು ತಡೆಯಬಹುದು, ಯಾವುದನ್ನು ತಡ ಮಾಡಿ ಹಾಕಿಕೊಳ್ಳಬಹುದು, ಕೆಟ್ಟದ್ದು ಬಂದುಬಿಟ್ಟರೆ ತೆಗೆಯೋದು ಹೇಗೆ? ವಿಂಡೋಸ್ 10 ಮತ್ತು ವಿಂಡೋಸ್ 11 ಬಳಸುವವರಿಗಾಗಿ ಇಲ್ಲಿದೆ ವಿವರ.

ಅಪ್‌ಡೇಟ್‌ನಲ್ಲಿ ನಾಲ್ಕು ಬಗೆ

1. ಭದ್ರತಾ ಅಪ್‌ಡೇಟ್: ತಿಂಗಳಿಗೊಮ್ಮೆ ಬರುತ್ತೆ. ಕಳ್ಳರು ನುಗ್ಗುವ ದಾರಿಗಳನ್ನು ಮುಚ್ಚುವುದು ಇದರ ಕೆಲಸ. ಇದನ್ನು ಸ್ವಲ್ಪ ದಿನ ತಡ ಮಾಡಬಹುದು, ಬಿಡಬಾರದು.

2. ಪ್ರಿವ್ಯೂ ಅಪ್‌ಡೇಟ್: ಸಾಮಾನ್ಯವಾಗಿ ತಿಂಗಳ ನಾಲ್ಕನೇ ವಾರದಲ್ಲಿ ‘ಆಪ್ಷನಲ್’ ಎಂದು ಕಾಣಿಸಿಕೊಳ್ಳುತ್ತೆ. ಮುಂದಿನ ತಿಂಗಳು ಬರುವುದರ ಪರೀಕ್ಷೆ ಇದು. ಅಂಗಡಿ ಕಂಪ್ಯೂಟರಿಗೆ ಬೇಕಿಲ್ಲ. ನೀವಾಗಿ ಒತ್ತದಿದ್ದರೆ ಸಾಮಾನ್ಯವಾಗಿ ಇನ್‌ಸ್ಟಾಲ್ ಆಗಲ್ಲ.

3. ಡ್ರೈವರ್ ಅಪ್‌ಡೇಟ್: ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ ಇವುಗಳನ್ನು ನಡೆಸುವ ಸಾಫ್ಟ್‌ವೇರ್. ಯಂತ್ರ ಸರಿಯಾಗಿ ಓಡುತ್ತಿದ್ದರೆ ಇದಕ್ಕೆ ಅವಸರ ಇಲ್ಲ.

4. ಹೊಸ ಆವೃತ್ತಿ: ವಿಂಡೋಸ್ 10ರಿಂದ 11ಕ್ಕೆ, ಅಥವಾ 11ರಲ್ಲೇ 23ಎಚ್2ನಿಂದ 24ಎಚ್2ಗೆ ಹೋಗುವುದು. ಹೆಚ್ಚು ಸಮಯ ತಿನ್ನುವುದು ಇದೇ. ಇದನ್ನು ನಿಮಗೆ ಬಿಡುವಾದಾಗ ಮಾಡಿಕೊಳ್ಳಬಹುದು.

ಜನ ‘ಅಪ್‌ಡೇಟ್ ಬೇಡ’ ಅನ್ನುವಾಗ ಹೆಚ್ಚಾಗಿ ಅವರಿಗೆ ಬೇಡವಾಗಿರೋದು ಎರಡು, ಮೂರು, ನಾಲ್ಕನೆಯದು. ಆದರೆ ಸರ್ವಿಸ್ ಬಂದ್ ಮಾಡಿಸಿದಾಗ ಮೊದಲನೆಯದೂ ನಿಂತುಹೋಗುತ್ತೆ.

ಹೆದರಿಕೆ ಸುಳ್ಳಲ್ಲ

ಅಪ್‌ಡೇಟ್‌ನಿಂದ ಕೆಲಸ ಕೆಟ್ಟ ಉದಾಹರಣೆಗಳು ಬೇಕಾದಷ್ಟಿವೆ. 2015–16ರಲ್ಲಿ ವಿಂಡೋಸ್ 7 ಮತ್ತು 8.1 ಬಳಸುವವರ ಕಂಪ್ಯೂಟರಿಗೆ ಕೆಬಿ3035583 ಎಂಬ ಅಪ್‌ಡೇಟ್ ಬಂತು. ‘ವಿಂಡೋಸ್ 10 ಪಡೆಯಿರಿ’ ಎಂದು ಅದು ಪದೇಪದೇ ಕಿಟಕಿ ತೆರೆಯುತ್ತಿತ್ತು. 2016ರ ಮೇ ಹೊತ್ತಿಗೆ ಆ ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಮುಚ್ಚಿದರೂ ಮೊದಲೇ ನಿಗದಿಯಾದ ಅಪ್‌ಗ್ರೇಡ್ ರದ್ದಾಗುತ್ತಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುತ್ತಿದ್ದ ಮಹಿಳೆಯೊಬ್ಬರು, ಕೇಳದೆ ಬಂದ ಅಪ್‌ಗ್ರೇಡ್‌ನಿಂದ ವ್ಯವಹಾರದ ಕಂಪ್ಯೂಟರ್ ಕೆಟ್ಟಿತು ಎಂದು ಕೋರ್ಟಿಗೆ ಹೋದರು. ಮೈಕ್ರೋಸಾಫ್ಟ್ ಅವರಿಗೆ 10,000 ಡಾಲರ್ ಕೊಡಬೇಕಾಯಿತು.

2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್‌ನ ಕಡತಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ನಿಲ್ಲಿಸಿ, ಸರಿಪಡಿಸಿ ನವೆಂಬರ್‌ನಲ್ಲಿ ಮತ್ತೆ ಬಿಟ್ಟಿತು.

ಜೆರಾಕ್ಸ್ ಅಂಗಡಿಯವರಿಗೆ ನೇರವಾಗಿ ಸಂಬಂಧಪಟ್ಟವು ಇನ್ನೆರಡು. 2021ರ ಮಾರ್ಚ್ 9ರ ಕೆಬಿ5000802 ಹಾಕಿಕೊಂಡ ಕೆಲವು ಕಂಪ್ಯೂಟರ್‌ಗಳಲ್ಲಿ ಪ್ರಿಂಟ್ ಕೊಟ್ಟ ತಕ್ಷಣ ನೀಲಿ ಪರದೆ ಬರುತ್ತಿತ್ತು. ರಿಕೋ, ಕ್ಯೋಸೆರಾ, ಝೀಬ್ರಾ ಪ್ರಿಂಟರ್‌ಗಳಲ್ಲಿ ಈ ತೊಂದರೆ ಕಂಡಿತು. ಒಂದು ವಾರದೊಳಗೆ ತಿದ್ದುಪಡಿ ಬಂತು. 2025ರ ಜನವರಿ 29ರ ಪ್ರಿವ್ಯೂ ಅಪ್‌ಡೇಟ್ ಕೆಬಿ5050092 ಹಾಕಿದ ಕೆಲವು ವಿಂಡೋಸ್ 11 ಕಂಪ್ಯೂಟರ್‌ಗಳಿಗೆ ಜೋಡಿಸಿದ ಯುಎಸ್‌ಬಿ ಪ್ರಿಂಟರ್‌ಗಳು ತಾವಾಗಿಯೇ ಅರ್ಥವಿಲ್ಲದ ಅಕ್ಷರಗಳನ್ನು ಹಾಳೆ ಹಾಳೆ ಮುದ್ರಿಸತೊಡಗಿದವು.

ಇವುಗಳಿಂದ ತಿಳಿಯೋದು ಒಂದು ಮಾತು. ತೊಂದರೆ ಕೊಡುವ ಅಪ್‌ಡೇಟ್ ಹೆಚ್ಚಾಗಿ ಬಂದ ಮೊದಲ ಒಂದೆರಡು ವಾರದಲ್ಲೇ ಸಿಕ್ಕಿಬೀಳುತ್ತೆ. ಅಷ್ಟು ದಿನ ಕಾದರೆ ಬಹುಪಾಲು ಕಾಟ ತಪ್ಪುತ್ತೆ.

ಪೂರ್ತಿ ಬಂದ್ ಮಾಡಿದವರಿಗೆ ಏನಾಯಿತು?

2017ರ ಮೇ 12ರಂದು ವಾನಾಕ್ರೈ ಎಂಬ ಸುಲಿಗೆ ವೈರಸ್ ಜಗತ್ತಿನ ಸುಮಾರು 150 ದೇಶಗಳಿಗೆ ಹಬ್ಬಿತು. ಕಡತಗಳಿಗೆಲ್ಲ ಬೀಗ ಹಾಕಿ, ತೆಗೆಯಲು ಬಿಟ್‌ಕಾಯಿನ್‌ನಲ್ಲಿ ದುಡ್ಡು ಕೇಳುತ್ತಿತ್ತು. ಅದು ನುಗ್ಗಿದ ದಾರಿಯನ್ನು ಮುಚ್ಚುವ ಭದ್ರತಾ ಅಪ್‌ಡೇಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್ 14ರಂದೇ, ಬಂದಿತ್ತು. ಅದನ್ನು ಹಾಕಿಕೊಂಡವರ ಕಂಪ್ಯೂಟರಿಗೆ ಆ ದಾರಿಯಿಂದ ವೈರಸ್ ಬರಲಿಲ್ಲ.

ಇದು ದೊಡ್ಡ ಕಂಪನಿಗಳ ಕಥೆ ಮಾತ್ರ ಅಂದುಕೊಳ್ಳಬೇಡಿ. ಆಂಧ್ರದ ಕೆಲವು ಪೊಲೀಸ್ ಠಾಣೆಗಳ ಕಂಪ್ಯೂಟರ್‌ಗಳಿಗೆ ಇದು ತಗುಲಿತ್ತು. ನಮ್ಮ ರಾಜ್ಯದ ಗಡಿಗೆ ಅಂಟಿಕೊಂಡಿರುವ ಕೇರಳದ ವಯನಾಡು ಜಿಲ್ಲೆಯಲ್ಲಿ ತರಿಯೋಡ್ ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರ್‌ಗಳೂ ಬೀಗ ಹಾಕಿಸಿಕೊಂಡವು. ಹಳ್ಳಿಯ ಪಂಚಾಯಿತಿ ಕಂಪ್ಯೂಟರಿಗೆ ಬಂದದ್ದು ಹಳ್ಳಿಯ ಸೇವಾ ಕೇಂದ್ರಕ್ಕೆ ಬರಲ್ಲ ಅನ್ನೋಕೆ ಆಗಲ್ಲ.

ಮೊದಲು ನಿಮ್ಮ ಕಂಪ್ಯೂಟರ್ ಯಾವ ಸ್ಥಿತಿಯಲ್ಲಿದೆ ನೋಡಿ

ಸ್ಟಾರ್ಟ್ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಸಿಸ್ಟಂ, ಅದರ ಕೊನೆಯಲ್ಲಿ ‘ಅಬೌಟ್’. ಅಲ್ಲಿ ವಿಂಡೋಸ್ 10 ಅಥವಾ 11, ಹೋಂ ಅಥವಾ ಪ್ರೊ, ಮತ್ತು ಆವೃತ್ತಿ ಸಂಖ್ಯೆ ಕಾಣುತ್ತೆ. ಇದನ್ನು ಬರೆದಿಟ್ಟುಕೊಳ್ಳಿ.

ಆಮೇಲೆ ವಿಂಡೋಸ್ ಅಪ್‌ಡೇಟ್ ಪುಟ ತೆಗೆದು ‘ಅಪ್‌ಡೇಟ್ ಹಿಸ್ಟರಿ’ ನೋಡಿ. ವಿಂಡೋಸ್ 10ರಲ್ಲಿ ಈ ಪುಟ ‘ಅಪ್‌ಡೇಟ್ ಅಂಡ್ ಸೆಕ್ಯುರಿಟಿ’ ಒಳಗಿದೆ. ಕೊನೆಯ ಅಪ್‌ಡೇಟ್ ಒಂದು ವರ್ಷ ಹಿಂದಿನದಾಗಿದ್ದರೆ ಯಾರೋ ಅದನ್ನು ಮೊದಲೇ ಬಂದ್ ಮಾಡಿರಬಹುದು. ಸ್ವಂತ ಅಂಗಡಿಯ ಒಂಟಿ ಕಂಪ್ಯೂಟರಿನಲ್ಲಿ ‘ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು ಕಂಡರೂ ಅನುಮಾನ ಪಡಿ. ಅಸೆಂಬಲ್ ಮಾಡಿಕೊಟ್ಟವರು ಅಥವಾ ಹಿಂದಿನ ಮಾಲೀಕರು ಪಾಲಿಸಿ ಹಾಕಿ ನಿಲ್ಲಿಸಿರುವ ಸಾಧ್ಯತೆ ಇದೆ. ಯಾಕೆ ಹಾಗೆ ಮಾಡಿದ್ದೀರಿ ಅಂತ ಅವರನ್ನು ಕೇಳಿ. ನಕಲಿ ವಿಂಡೋಸ್ ಹಾಕಿದ್ದರೆ ಅದು ಸಿಕ್ಕಿಬೀಳದಿರಲಿ ಅಂತಲೂ ಕೆಲವರು ಅಪ್‌ಡೇಟ್ ನಿಲ್ಲಿಸಿರ್ತಾರೆ.

ತಡೆಯೋದು ಹೇಗೆ? ಎಲ್ಲರಿಗೂ ಆಗುವ ನಾಲ್ಕು ದಾರಿ

ಪಾಸ್: ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ‘ಪಾಸ್ ಅಪ್‌ಡೇಟ್ಸ್’ ಇದೆ. ವಿಂಡೋಸ್ 11ರಲ್ಲಿ ಒಂದರಿಂದ ಐದು ವಾರ ಆರಿಸಬಹುದು. ವಿಂಡೋಸ್ 10ರಲ್ಲಿ 7 ದಿನದ ಬಟನ್ ಇದೆ, ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ 35 ದಿನದವರೆಗೆ ತಾರೀಕು ಕೊಡಬಹುದು. ಗಡುವು ಮುಗಿದ ಮೇಲೆ ಬಾಕಿ ಅಪ್‌ಡೇಟ್ ಹಾಕಿಕೊಂಡೇ ಮತ್ತೆ ಪಾಸ್ ಮಾಡಬೇಕು.

ಆಕ್ಟಿವ್ ಅವರ್ಸ್: ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಅಂಗಡಿ ತೆರೆದಿರುವ ಸಮಯ ಕೊಡಿ, ಉದಾಹರಣೆಗೆ ಬೆಳಿಗ್ಗೆ 8ರಿಂದ ರಾತ್ರಿ 10. ಗರಿಷ್ಠ 18 ಗಂಟೆ ಕೊಡಬಹುದು. ಆ ಹೊತ್ತಿನಲ್ಲಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗಲ್ಲ.

ಮೀಟರ್ಡ್ ಕನೆಕ್ಷನ್: ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಕೆಲಸ ಮಾಡುವವರು ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಆ ವೈಫೈ ಹೆಸರು ಒತ್ತಿ ಇದನ್ನು ಆನ್ ಮಾಡಿ. ಬಹುಪಾಲು ಡೌನ್‌ಲೋಡ್ ನಿಲ್ಲುತ್ತೆ, ಡೇಟಾ ಉಳಿಯುತ್ತೆ. ತೀರಾ ಅಗತ್ಯ ಎಂದು ಕಂಪನಿ ಗುರುತಿಸಿದ್ದು ಮಾತ್ರ ಬರಬಹುದು.

ವಿಂಡೋಸ್ 11ರವರು ಇನ್ನೊಂದು ನೋಡಿ: ‘ಹೊಸ ಅಪ್‌ಡೇಟ್ ಸಿಕ್ಕ ಕೂಡಲೇ ಪಡೆಯಿರಿ’ ಎಂಬರ್ಥದ ಸ್ವಿಚ್ ಒಂದಿದೆ. ಅದು ಆಫ್ ಆಗಿರಲಿ.

ಪ್ರೊ ಆವೃತ್ತಿ ಇದ್ದವರಿಗೆ

ಸ್ಟಾರ್ಟ್‌ನಲ್ಲಿ ‘ಎಡಿಟ್ ಗ್ರೂಪ್ ಪಾಲಿಸಿ’ ಎಂದು ಇಂಗ್ಲಿಷ್‌ನಲ್ಲಿ ಹುಡುಕಿ ತೆರೆಯಿರಿ. ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ವಿಂಡೋಸ್ ಅಪ್‌ಡೇಟ್ ಹೀಗೆ ಒಂದೊಂದಾಗಿ ಒಳಗೆ ಹೋಗಿ. ಅಲ್ಲಿನ ಮೂರು ಪಾಲಿಸಿ ಅಂಗಡಿಯವರಿಗೆ ಉಪಯೋಗ:

1. ‘ಸೆಲೆಕ್ಟ್ ದಿ ಟಾರ್ಗೆಟ್ ಫೀಚರ್ ಅಪ್‌ಡೇಟ್ ವರ್ಷನ್’: ಇದನ್ನು ಎನೇಬಲ್ ಮಾಡಿ ವಿಂಡೋಸ್ 10, 22ಎಚ್2 ಎಂದು ತುಂಬಿದರೆ ಕಂಪ್ಯೂಟರ್ ಅದೇ ಆವೃತ್ತಿಯಲ್ಲಿ ನಿಲ್ಲುತ್ತೆ. ಹೊಸ ಆವೃತ್ತಿ ಬರಲ್ಲ, ಆ ಆವೃತ್ತಿಗೆ ಸಿಗುವ ಭದ್ರತಾ ಅಪ್‌ಡೇಟ್‌ಗಳಿಗೆ ಇದರಿಂದ ಅಡ್ಡಿ ಇಲ್ಲ.

2. ‘ಡು ನಾಟ್ ಇನ್‌ಕ್ಲೂಡ್ ಡ್ರೈವರ್ಸ್ ವಿತ್ ವಿಂಡೋಸ್ ಅಪ್‌ಡೇಟ್ಸ್’: ಪ್ರಿಂಟರ್, ಬೆರಳಚ್ಚು ಯಂತ್ರದ ಡ್ರೈವರ್ ತಾನಾಗಿ ಬದಲಾಗಲ್ಲ.

3. ‘ಕಾನ್ಫಿಗರ್ ಆಟೊಮ್ಯಾಟಿಕ್ ಅಪ್‌ಡೇಟ್ಸ್’: ಇದರಲ್ಲಿ 2ನೇ ಆಯ್ಕೆ ಕೊಟ್ಟರೆ ಡೌನ್‌ಲೋಡ್ ಮಾಡುವ ಮುಂಚೆ ಕಂಪ್ಯೂಟರ್ ನಿಮಗೆ ತಿಳಿಸುತ್ತೆ.

ಹೋಂ ಆವೃತ್ತಿಯಲ್ಲಿ ಈ ಪಾಲಿಸಿ ಎಡಿಟರ್ ಇರಲ್ಲ. ಅದರ ಬದಲು ‘ಅಪ್‌ಡೇಟ್ ಬ್ಲಾಕರ್’ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ ಎಂದು ಯೂಟ್ಯೂಬ್‌ನಲ್ಲಿ ಹೇಳೋರಿದ್ದಾರೆ. ಅಂಗಡಿ ಕಂಪ್ಯೂಟರಿಗೆ ಅದು ಬೇಡ. ಅವು ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುತ್ತವೆ, ಯಾರು ಮಾಡಿದ್ದು ಎಂಬುದೂ ಬಹಳ ಸಲ ಗೊತ್ತಿರಲ್ಲ.

ಬಂದದ್ದನ್ನು ತೆಗೆಯೋದು ಹೇಗೆ?

ಪ್ರತಿ ಅಪ್‌ಡೇಟ್‌ಗೂ ‘ಕೆಬಿ’ ಎಂದು ಶುರುವಾಗುವ ಒಂದು ನಂಬರ್ ಇರುತ್ತೆ. ನಿನ್ನೆ ಸರಿಯಿದ್ದದ್ದು ಇವತ್ತು ಕೆಟ್ಟಿದ್ದರೆ ಹಿಸ್ಟರಿಯಲ್ಲಿ ನಿನ್ನೆ–ಇವತ್ತಿನ ತಾರೀಕಿನ ನಂಬರ್ ಯಾವುದು ನೋಡಿ, ಬರೆದುಕೊಳ್ಳಿ. ಆ ನಂಬರನ್ನು ಮೊಬೈಲ್‌ನಲ್ಲಿ ಗೂಗಲ್ ಮಾಡಿದರೆ ಬೇರೆಯವರಿಗೂ ಅದೇ ತೊಂದರೆ ಆಗಿದೆಯೇ ಎಂಬುದು ತಿಳಿಯುತ್ತೆ.

• ಅಪ್‌ಡೇಟ್ ಹಿಸ್ಟರಿ ಪುಟದಲ್ಲೇ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ. ಒತ್ತಿ.
• ಪಟ್ಟಿಯಲ್ಲಿ ಆ ನಂಬರ್ ಹುಡುಕಿ, ಅದೊಂದನ್ನೇ ತೆಗೆಯಿರಿ. ಸಿಕ್ಕಿದ್ದನ್ನೆಲ್ಲ ತೆಗೆಯಬೇಡಿ.
• ರೀಸ್ಟಾರ್ಟ್ ಮಾಡಿ, ಪ್ರಿಂಟ್ ಕೊಟ್ಟು ನೋಡಿ.
• ಸರಿಹೋದರೆ ತಕ್ಷಣ ಎರಡು ವಾರ ಪಾಸ್ ಮಾಡಿ. ಇಲ್ಲದಿದ್ದರೆ ಅದೇ ಅಪ್‌ಡೇಟ್ ಮತ್ತೆ ಬಂದು ಕೂರುತ್ತೆ.

ಕೆಲವು ಅಪ್‌ಡೇಟ್‌ಗಳ ಮುಂದೆ ತೆಗೆಯುವ ಬಟನ್ ಇರಲ್ಲ. ಅವನ್ನು ಬಲವಂತ ಮಾಡಬೇಡಿ.

ಒಂದೇ ಪ್ರಿಂಟರ್ ಅಥವಾ ಸ್ಕ್ಯಾನರ್ ಕೆಟ್ಟಿದ್ದು ಬೇರೆಲ್ಲ ಸರಿಯಿದ್ದರೆ ತಪ್ಪು ಡ್ರೈವರ್‌ನದ್ದಿರಬಹುದು. ಸ್ಟಾರ್ಟ್ ಮೇಲೆ ಬಲಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಆ ಯಂತ್ರದ ಪ್ರಾಪರ್ಟೀಸ್‌ಗೆ ಹೋಗಿ, ಡ್ರೈವರ್ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಆ ಬಟನ್ ಮಂಕಾಗಿದ್ದರೆ ಯಂತ್ರದ ಕಂಪನಿಯ ಸೈಟಿನಿಂದಲೇ ಡ್ರೈವರ್ ಹಾಕಿಕೊಳ್ಳಿ.

ಹೊಸ ಆವೃತ್ತಿಯೇ ಬಂದುಬಿಟ್ಟಿದ್ದರೆ 10 ದಿನದ ಅವಕಾಶ ಇದೆ. ಸೆಟ್ಟಿಂಗ್ಸ್‌ನ ‘ರಿಕವರಿ’ ಪುಟದಲ್ಲಿ ‘ಗೋ ಬ್ಯಾಕ್’ ಒತ್ತಿದರೆ ಹಳೆಯದಕ್ಕೆ ಮರಳಬಹುದು. ಆದರೆ ಜಾಗ ಖಾಲಿ ಮಾಡೋಕೆ ಅಂತ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರ್ ಅಳಿಸಿದ್ದರೆ ಆ ದಾರಿ ಮುಚ್ಚಿಹೋಗುತ್ತೆ. ಮರಳುವ ಮುಂಚೆ ಕಡತಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಕಂಪ್ಯೂಟರ್ ತೆರೆದುಕೊಳ್ಳುತ್ತಲೇ ಇಲ್ಲವೇ?

ವಿಂಡೋಸ್ ಶುರುವಾಗುವ ಹೊತ್ತಿಗೆ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ. ಹೀಗೆ ಎರಡು–ಮೂರು ಸಲ ಮಾಡಿದರೆ ರಿಪೇರಿ ಪರದೆ ಬರುತ್ತೆ. ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಹೀಗೆ ಹೋಗಿ. ತಿಂಗಳ ಅಪ್‌ಡೇಟ್ ತೆಗೆಯಲು ‘ಕ್ವಾಲಿಟಿ’, ಹೊಸ ಆವೃತ್ತಿ ತೆಗೆಯಲು ‘ಫೀಚರ್’ ಆರಿಸಿ. ಆದರೆ ಪರದೆಯಲ್ಲಿ ‘ಅಪ್‌ಡೇಟ್ ಆಗುತ್ತಿದೆ’ ಎಂದು ಶೇಕಡಾ ಅಂಕಿ ಏರುತ್ತಿದ್ದರೆ ಹೀಗೆ ಆಫ್ ಮಾಡಲೇಬೇಡಿ.

ಈ ಹಂತದಲ್ಲಿ ಬಿಟ್‌ಲಾಕರ್ ರಿಕವರಿ ಕೀ ಎಂಬ 48 ಅಂಕಿಯ ನಂಬರ್ ಕೇಳಬಹುದು. 2025ರ ಮೇ ತಿಂಗಳ ಕೆಬಿ5058379 ಬಂದಾಗ ಕೆಲವು ವಿಂಡೋಸ್ 10 ಕಂಪ್ಯೂಟರ್‌ಗಳು ಇದನ್ನು ಕೇಳಿಕೊಂಡು ನಿಂತಿದ್ದವು. ನಂಬರ್ ಇಲ್ಲದಿದ್ದರೆ ಒಳಗಿನ ಕಡತ ಸಿಗಲ್ಲ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಸ್ಟಾರ್ಟ್‌ನಲ್ಲಿ ಬಿಟ್‌ಲಾಕರ್ ಎಂದು ಹುಡುಕಿ ನೋಡಿ. ಆನ್ ಆಗಿದ್ದರೆ ಆ ಕೀಯನ್ನು ಪ್ರಿಂಟ್ ತೆಗೆದು ಮನೆಯಲ್ಲಿ ಇಡಿ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿರುವವರಿಗೆ ಅದು ಆ ಅಕೌಂಟಿನಲ್ಲೂ ಉಳಿದಿರಬಹುದು.

ಜಿಎಸ್‌ಟಿ ತಾರೀಕಿಗೂ ಅಪ್‌ಡೇಟ್‌ಗೂ ನಂಟು

ಮೈಕ್ರೋಸಾಫ್ಟ್‌ನ ಭದ್ರತಾ ಅಪ್‌ಡೇಟ್ ಬಿಡುಗಡೆಯಾಗೋದು ಪ್ರತಿ ತಿಂಗಳ ಎರಡನೇ ಮಂಗಳವಾರ. ನಮ್ಮಲ್ಲಿ ಆಗ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಅಂದ್ರೆ ಬುಧವಾರ ಬೆಳಿಗ್ಗೆ ಅಂಗಡಿ ತೆಗೆದಾಗ ಅದು ಕಾಯ್ತಿರುತ್ತೆ. ಎರಡನೇ ಮಂಗಳವಾರ ಯಾವಾಗಲೂ 8ರಿಂದ 14ನೇ ತಾರೀಕಿನ ಒಳಗೇ ಬೀಳುತ್ತೆ. ಜಿಎಸ್‌ಟಿಆರ್–1 ಸಲ್ಲಿಸಲು ಮಾಸಿಕದವರಿಗೆ 11, ತ್ರೈಮಾಸಿಕದವರಿಗೆ 13 ಕೊನೆಯ ದಿನ. 2026ರ ಫೆಬ್ರುವರಿಯನ್ನೇ ತೆಗೆದುಕೊಳ್ಳಿ: ಎರಡನೇ ಮಂಗಳವಾರ 10ನೇ ತಾರೀಕು, ಮರುದಿನ ಬೆಳಿಗ್ಗೆಯೇ ರಿಟರ್ನ್ ಗಡುವು. ಕಂಪ್ಯೂಟರ್ ಕೆಟ್ಟರೆ ಬೀಳುವ ತಡಶುಲ್ಕ ಅಂಗಡಿಯವರದ್ದೇ.

ಅದಕ್ಕೆ ಹೀಗೆ ಮಾಡಬಹುದು. ಎರಡನೇ ಮಂಗಳವಾರದ ಹಿಂದಿನ ದಿನ, ಸೋಮವಾರ, ಎರಡು ವಾರ ಪಾಸ್ ಮಾಡಿ. ಅದು ಮುಗಿಯುವ ಹೊತ್ತಿಗೆ 20ನೇ ತಾರೀಕಿನ ಜಿಎಸ್‌ಟಿಆರ್–3ಬಿ ಗಡುವೂ ಕಳೆದಿರುತ್ತೆ. ಪಾಸ್ ಮುಗಿಯುವ ಹಿಂದಿನ ಭಾನುವಾರ ಸಂಜೆ ನೀವೇ ‘ರೆಸ್ಯೂಮ್’ ಒತ್ತಿ ಅಪ್‌ಡೇಟ್ ಹಾಕಿಕೊಳ್ಳಿ. ಅಷ್ಟರಲ್ಲಿ ಬೇರೆಯವರಿಗೆ ತೊಂದರೆ ಆಗಿದ್ದರೆ ಸುದ್ದಿಯಾಗಿರುತ್ತೆ. ‘ಈ ದೋಷ ಬಳಸಿ ಈಗಾಗಲೇ ದಾಳಿ ನಡೆಯುತ್ತಿದೆ, ತಕ್ಷಣ ಅಪ್‌ಡೇಟ್ ಮಾಡಿ’ ಎಂಬ ಎಚ್ಚರಿಕೆ ಬಂದ ತಿಂಗಳು ಮಾತ್ರ ಕಾಯಬೇಡಿ.

ಅಪ್‌ಡೇಟ್ ಹಾಕುವ ದಿನ ಬೆಸ್ಕಾಂ ವಿದ್ಯುತ್ ವ್ಯತ್ಯಯದ ಪ್ರಕಟಣೆ ಇದೆಯೇ ನೋಡಿಕೊಳ್ಳಿ. ಅರ್ಧದಲ್ಲಿ ಕರೆಂಟ್ ಹೋದರೆ ವಿಂಡೋಸ್ ಕೆಡುವ ಸಂಭವ ಹೆಚ್ಚು. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತೆ ಗೊತ್ತಿರಲಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಬಿಡಿ.

ವಿಂಡೋಸ್ 10 ಇಟ್ಟುಕೊಂಡವರಿಗೆ

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ‘ಈಗ ಅಪ್‌ಡೇಟ್ ಕಾಟವೇ ಇಲ್ಲ’ ಅಂತ ಖುಷಿಪಡೋರಿದ್ದಾರೆ. ಕಾಟ ನಿಂತ ಹಾಗೆ ಕಾವಲೂ ನಿಂತಿದೆ. 22ಎಚ್2 ಆವೃತ್ತಿ ಇದ್ದರೆ ವಿಸ್ತರಿತ ಭದ್ರತಾ ಯೋಜನೆಗೆ ಸೇರಿ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯಬಹುದು. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್ ನೌ’ ಕಾಣುತ್ತೆ. ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಸೆಟ್ಟಿಂಗ್‌ಗಳನ್ನು ಆ ಅಕೌಂಟಿಗೆ ಬ್ಯಾಕಪ್ ಮಾಡಿದರೆ ಹಣ ಕೊಡಬೇಕಿಲ್ಲ. ಅದು ಬೇಡ ಅನ್ನುವವರು 1,000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್‌ಗೆ ಸಮನಾದ ಮೊತ್ತ ಕೊಡಬಹುದು. ಈ ಯೋಜನೆಯಲ್ಲಿ ಹೊಸ ಫೀಚರ್ ಯಾವುದೂ ಬರಲ್ಲ, ಬರುವುದು ಭದ್ರತೆ ಮಾತ್ರ. ಅಂಗಡಿಯವರು ಕೇಳುತ್ತಿದ್ದುದೂ ಅದನ್ನೇ ಅಲ್ಲವೇ?

ವಿಂಡೋಸ್ 11ಕ್ಕೆ ಬನ್ನಿ ಎಂಬ ಆಹ್ವಾನ ಕಂಡರೆ ಅದರ ಕೆಳಗೇ ‘ಸದ್ಯಕ್ಕೆ ವಿಂಡೋಸ್ 10ರಲ್ಲೇ ಇರುತ್ತೇನೆ’ ಎಂಬ ಆಯ್ಕೆ ಇರುತ್ತೆ. ಟಿಪಿಎಂ 2.0 ಇಲ್ಲದ ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಅಧಿಕೃತವಾಗಿ ಬರುವುದೇ ಇಲ್ಲ. ಅಡ್ಡದಾರಿಯಲ್ಲಿ ಹಾಕಿಸಿಕೊಳ್ಳಬೇಡಿ.

ಹೊಸ ಆವೃತ್ತಿ ಬಂದ ಮೇಲೆ ಕನ್ನಡ ಫಾಂಟ್ ಕಾಣದಿದ್ದರೆ

ಹಳೆಯ ಕಡತಗಳನ್ನು ‘ತುಂಗಾ’ ಫಾಂಟ್‌ನಲ್ಲಿ ಮಾಡಿದ್ದವರಿಗೆ ಕೆಲವೊಮ್ಮೆ ಸಾಲುಗಳ ಅಳತೆ ಏರುಪೇರಾಗಿ ಕಾಣುತ್ತೆ. ವಿಂಡೋಸ್ 10ರಿಂದ ಈಚೆಗೆ ತುಂಗಾ ಐಚ್ಛಿಕ ಪಟ್ಟಿಗೆ ಹೋಗಿದೆ. ಸೆಟ್ಟಿಂಗ್ಸ್‌ನ ‘ಆಪ್ಷನಲ್ ಫೀಚರ್ಸ್’ ಒಳಗೆ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿದರೆ ಮರಳಿ ಬರುತ್ತೆ. ಇದಕ್ಕಾಗಿ ಆವೃತ್ತಿಯನ್ನೇ ತೆಗೆಯಬೇಕಿಲ್ಲ.

ಓದುಗರು ಕೇಳಬಹುದಾದ ಪ್ರಶ್ನೆಗಳು

*ಅಂಗಡಿಯಲ್ಲಿ ನಾಲ್ಕು ಕಂಪ್ಯೂಟರ್ ಇವೆ. ಎಲ್ಲದಕ್ಕೂ ಒಂದೇ ದಿನ ಹಾಕಬೇಕಾ?*
ಬೇಡ. ಮೊದಲು ಒಂದಕ್ಕೆ ಹಾಕಿ, ಎರಡು ದಿನ ಪ್ರಿಂಟರ್, ಬೆರಳಚ್ಚು ಯಂತ್ರ ನೋಡಿ, ಆಮೇಲೆ ಉಳಿದದ್ದಕ್ಕೆ. ‘ಡೆಲಿವರಿ ಆಪ್ಟಿಮೈಸೇಷನ್’ ಆನ್ ಇದ್ದರೆ ಒಂದು ಇಳಿಸಿಕೊಂಡದ್ದನ್ನು ಉಳಿದವು ಅಲ್ಲಿಂದಲೇ ಪಡೆಯುತ್ತವೆ, ಡೇಟಾ ಉಳಿಯುತ್ತೆ.

*ಆ್ಯಂಟಿವೈರಸ್ ಇದೆ. ಅಪ್‌ಡೇಟ್ ಬೇಕಾ?*
ಬೇಕು. ವಿಂಡೋಸ್‌ನಲ್ಲೇ ಇರುವ ದೋಷವನ್ನು ಆ್ಯಂಟಿವೈರಸ್ ಸರಿಪಡಿಸಲ್ಲ.

*ಬ್ರೌಸರ್‌ನಲ್ಲಿ ‘ನಿಮ್ಮ ವಿಂಡೋಸ್ ಅಪ್‌ಡೇಟ್ ಮಾಡಿ’ ಎಂದು ಬಂತು, ಫೋನ್ ನಂಬರ್ ಕೂಡ ಇದೆ.*
ಅದು ಮೋಸ. ವಿಂಡೋಸ್ ಅಪ್‌ಡೇಟ್ ಬರೋದು ಸೆಟ್ಟಿಂಗ್ಸ್ ಒಳಗಿನಿಂದ. ಮೈಕ್ರೋಸಾಫ್ಟ್‌ನವರು ತಾವಾಗಿ ಫೋನ್ ಮಾಡಲ್ಲ, ಪರದೆಯಲ್ಲಿ ಫೋನ್ ನಂಬರನ್ನೂ ಕೊಡಲ್ಲ. ಎನಿಡೆಸ್ಕ್ ಹಾಕಿ ಎಂದರೆ ಹಾಕಬೇಡಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

*ಹಿಂದೆಯೇ ಪೂರ್ತಿ ಬಂದ್ ಮಾಡಿಸಿದ್ದೇನೆ. ಈಗೇನು ಮಾಡಲಿ?*
ಮೊದಲು ಗ್ರಾಹಕರ ಮತ್ತು ಲೆಕ್ಕದ ಕಡತಗಳನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಹಾಕಿ, ಅದನ್ನು ಕಂಪ್ಯೂಟರಿನಿಂದ ಬಿಚ್ಚಿಡಿ. ಬಂದ್ ಮಾಡಿದವರಿಂದಲೇ ಸರ್ವಿಸ್ ಮತ್ತೆ ಆನ್ ಮಾಡಿಸಿ. ಬಾಕಿ ಇರುವುದೆಲ್ಲ ಬರಲು ಸಮಯ ಬೇಕು, ಅಂಗಡಿಗೆ ರಜೆ ಇರುವ ದಿನ ಕೂರಿ. ಆಮೇಲೆ ಮೇಲೆ ಹೇಳಿದಂತೆ ತಿಂಗಳಿಗೊಮ್ಮೆ, ನಿಮಗೆ ಅನುಕೂಲವಾದ ಭಾನುವಾರ ಹಾಕಿಕೊಂಡು ಹೋದರೆ ಸಾಕು.